ಇಂಪಾಗಿ ನುಡಿಸಿದ ‘ಬೇಡ’

ನನ್ನ ನಾದಿನಿಗೆ ಹುಟ್ಟಿದಾಗಿನಿಂದ ಮಾತಿಲ್ಲ. ಕಿವಿ ಮಾತ್ರ ಬಹಳ ಚುರುಕು. ಮಹಡಿಯ ಮೇಲೆ ನಾನು ಗೊಣಗಿದ್ದು ಕೆಳಗೆ ಅಂಗಡಿಯಲ್ಲಿ ಕೂತ ಅವಳಿಗೆ ಕೇಳುತ್ತಿತ್ತು. ನಮ್ಮ ಮಾವ ಚಿಕ್ಕಂದಿನಲ್ಲೇ ಅವಳ ಕೈಗೆ ಪಿಟೀಲು ಕೊಟ್ಟು ತಾವೇ ಕೂತು ಕಲಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ‘ಇದೇ ಇವಳ ಬಾಯಿ’ ಎಂದು ಮನೆಯವರಿಗೆಲ್ಲ ಒಂದು ಹುಚ್ಚನ್ನೂ ಹಿಡಿಸಿ ಕಣ್ಣು ಮುಚ್ಚಿದರು.

ಅವಳು ಏನೇ ನುಡಿಸಲಿ, ಅದಕ್ಕೆ ಅರ್ಥ ಹೇಳುವುದು ಆ ಮನೆಯವರ ದೊಡ್ಡಸ್ತಿಕೆ. ಅದರಲ್ಲಿ ನನ್ನ ಗಂಡನದು ಎತ್ತಿದ ಕೈ. “ಇವತ್ತು ನನ್ ಮೇಲೆ ಸಿಟ್ಟು ನೋಡು,” “ಹೊಸ ಚಪ್ಪಲಿ ಬೇಕಂತೆ,” ಎಂದು ಊಟಕ್ಕೆ ಕೂತಾಗಲೆಲ್ಲ ಬೀಗುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ತಮಾಷೆ ಅಂದುಕೊಂಡೆ. ಚಪ್ಪಲಿ ಬೇಕಿದ್ದರೆ ಅವಳು ಹರಿದ ಚಪ್ಪಲಿ ತಂದು ಮುಂದೆ ಇಡುತ್ತಿದ್ದಳು. ಓದು ಬರಹ ಬರುತ್ತಿತ್ತು, ಕೈ ಇತ್ತು, ತಲೆ ಇತ್ತು. ಅದನ್ನೆಲ್ಲ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ, ಅಷ್ಟೆ.

ನಮ್ಮದು ಪಟಗಳಿಗೆ ಚೌಕಟ್ಟು ಹಾಕುವ ಅಂಗಡಿ. ಮುಂದೆ ನನ್ನ ಗಂಡ ಗಿರಾಕಿಗಳ ಜೊತೆ ಹರಟುತ್ತಿದ್ದರು. ಹಿಂದಿನ ಕೋಣೆಯಲ್ಲಿ ನಾದಿನಿ ರಟ್ಟು ಕತ್ತರಿಸಿ, ಮೂಲೆಗಳಿಗೆ ಅಂಟು ಬಳಿದು, ಸಣ್ಣ ಮೊಳೆ ಹೊಡೆಯುತ್ತಿದ್ದಳು. ಸಂಜೆ ಕೈಯ ಅಂಟನ್ನು ಉಜ್ಜಿ ತೊಳೆದುಕೊಂಡು ಮಹಡಿಯ ಕಿಟಕಿ ಹತ್ತಿರ ಪಿಟೀಲು ಹಿಡಿದು ಕೂರುತ್ತಿದ್ದಳು.

ಗಾಜು ತರುವವನು ಆ ಹೊತ್ತಿಗೇ ಬರತೊಡಗಿದ್ದು ಯಾವಾಗಿನಿಂದಲೋ ನಾನು ಗಮನಿಸಲಿಲ್ಲ. ಮೊದಲು ಬೆಳಿಗ್ಗೆ ಬರುತ್ತಿದ್ದ. ದೊಡ್ಡ ಗಾಜನ್ನು ಎರಡೂ ಕೈಯಲ್ಲಿ ಹಿಡಿದು ಓಣಿಯಲ್ಲಿ ನಡೆಯುವವನು ‘ದಾರಿ ಬಿಡಿ’ ಎಂದು ಕೂಗಬೇಕಲ್ಲ, ಇವನು ಕೂಗುತ್ತಿರಲಿಲ್ಲ, ಸಿಳ್ಳೆ ಹಾಕುತ್ತಿದ್ದ. ಒಂದು ಸಂಜೆ ಅವನ ಸಿಳ್ಳೆ ಓಣಿಯ ತುದಿಯಲ್ಲಿ ಕೇಳಿತು, ಮೇಲಿನಿಂದ ಪಿಟೀಲು ಅದನ್ನೇ ನುಡಿಸಿತು. ಅವನು ಸಿಳ್ಳೆಯ ಧಾಟಿಯನ್ನು ಸ್ವಲ್ಪ ತಿರುವಿದ. ಅವಳೂ ತಿರುವಿದಳು. ಒಲೆ ಮೇಲೆ ಹಾಲು ಉಕ್ಕಿದ್ದು ನನಗೆ ಗೊತ್ತೇ ಆಗಲಿಲ್ಲ. ಕೆಳಗಿಳಿದು ಬಂದಾಗ ಅವಳು ನಗುತ್ತಿದ್ದಳು, ಅವನು ಕಿವಿಯವರೆಗೂ ಕೆಂಪಾಗಿದ್ದ. ಇದಕ್ಕೆ ಅರ್ಥ ಹೇಳಲು ಸಂಗೀತ ಬರಬೇಕಾಗಿರಲಿಲ್ಲ. ಆದರೂ ಅರ್ಥಗಾರರಾದ ನನ್ನ ಗಂಡ ಹೇಳಿದ್ದು, “ಇವತ್ತು ಯಾಕೋ ತಂತಿ ಸಡಿಲ ಆಗಿದೆ.”

ಹೋಟೆಲ್ ಯಜಮಾನರು ಬಂದದ್ದು ಆಮೇಲೆ. ವಯಸ್ಸಾದವರು, ಹೆಂಡತಿ ತೀರಿಕೊಂಡಿದ್ದರು. ಕೋಣೆಗಳಿಗೆಲ್ಲ ಪಟ ಮಾಡಿಸಲು ಬಂದವರು ಮೇಲಿನಿಂದ ಪಿಟೀಲು ಕೇಳಿ ಅಲ್ಲೇ ನಿಂತರು. ಜಗಳ ಆಡದ ಹೆಂಡತಿ, ಹೋಟೆಲಿನ ಊಟದ ಕೋಣೆಯಲ್ಲಿ ಸಂಜೆ ಸಂಜೆ ಸಂಗೀತ: ಅವರಿಗೆ ಎರಡೂ ಒಟ್ಟಿಗೆ ಹೊಳೆದಿರಬೇಕು. ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದರು. ನನ್ನ ಗಂಡನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ನಾದಿನಿ ಜೋರಾಗಿ ತಲೆ ಅಲ್ಲಾಡಿಸಿದಳು. ನನ್ನ ಗಂಡ ನಕ್ಕರು. ಅವಳು ರಟ್ಟಿನ ಚೂರಿನ ಮೇಲೆ ಪೆನ್ಸಿಲಿನಲ್ಲಿ ‘ನನಗೆ ಬೇಡ’ ಎಂದು ದೊಡ್ಡದಾಗಿ ಬರೆದು ಅವರ ಕೈಗೇ ಕೊಟ್ಟಳು.

“ಬರೆಯೋದು ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀತಾರೆ,” ಎಂದರು ನನ್ನ ಗಂಡ. “ನಾಚಿಕೆ ಇರುತ್ತೆ. ಅವರ ಮುಂದೆ ಪಿಟೀಲು ಹಿಡೀಲಿ, ಮನಸ್ಸಲ್ಲಿ ಏನಿದೆ ಅಂತ ನಾನು ಹೇಳ್ತೀನಿ.”

ಅವಳು ಅಣ್ಣನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ತಲೆಯಾಡಿಸಿ ಒಪ್ಪಿದಳು. ಪಾಪ, ಅಲ್ಲಾದರೂ ಕೇಳಿಯಾರು ಅಂದುಕೊಂಡಳೋ ಏನೋ.

ಹೋಟೆಲಿನವರು ನೋಡಲು ಬಂದ ದಿನ ಅವಳು ನುಡಿಸಿದಂತೆ ಹಿಂದೆಂದೂ ನುಡಿಸಿರಲಿಲ್ಲ. ನನಗೆ ರಾಗ ತಾಳ ತಿಳಿಯದು, ಅದಕ್ಕೇ ಅವಳ ಮುಖ ನೋಡುತ್ತಿದ್ದೆ. ತುಟಿ ಬಿಳಿಚಿತ್ತು. ಗಲ್ಲದಿಂದ ನೀರು ಇಳಿದು ಪಿಟೀಲಿನ ಮೇಲೆ ಬೀಳುತ್ತಿತ್ತು. ಒಬ್ಬೊಬ್ಬರನ್ನೂ ನೋಡಿ ‘ಬೇಡ, ಬೇಡ’ ಎಂದು ಅಂಗಲಾಚುವ ಮುಖ ಅದು. ಆದರೆ ನೋಡುವವರು ಯಾರು? ಕೂತವರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಕೆಳಗೆ ಓಣಿಯಲ್ಲಿ ಜನ ನಿಂತು ಕೇಳಿದರು. ಮುಗಿದಾಗ ಹೋಟೆಲ್ ಯಜಮಾನರು ಕಣ್ಣೊರೆಸಿಕೊಂಡರು. “ಇಷ್ಟು ಪ್ರೀತಿಯಿಂದ ನುಡಿಸಿದ ಮೇಲೆ ಇನ್ನೇನು ಕೇಳೋದಿದೆ?” ಎಂದರು.

“ಒಪ್ಪಿಗೆ,” ಎಂದು ನನ್ನ ಗಂಡ ಅವರ ಕೈ ಹಿಡಿದುಕೊಂಡರು.

“ರೀ, ಅವಳ ಮುಖ ನೋಡ್ರೀ ಒಂದ್ಸಲ,” ಎಂದೆ.

“ನೀನು ಸುಮ್ನಿರೇ. ಸಂಗೀತದ ಗಂಧ ಗಾಳಿ ಇಲ್ಲ ನಿಂಗೆ.”

ಬಾಯಿ ಇದ್ದ ನನ್ನ ಪಾಡೇ ಇದು.

ಮುಂದಿನ ಸಲ ಗಾಜು ತಂದವನು ಬೇರೆ ಯಾರೋ. ಅವನು ‘ದಾರಿ ದಾರಿ’ ಎಂದು ಕೂಗಿಕೊಂಡು ಬಂದ. ನಾದಿನಿಯ ಮುಖ ಕಪ್ಪಿಟ್ಟಿತು. ಬಟ್ಟೆ ತರುವ ನೆಪ ಹೇಳಿ ನಾನೇ ಅವಳನ್ನು ಗಾಜಿನ ಮಂಡಿಗೆ ಕರೆದುಕೊಂಡು ಹೋದೆ. ಅವನು ಗಾಜು ಕತ್ತರಿಸಲು ವಜ್ರದ ಮೊನೆಯಿಂದ ಗೆರೆ ಎಳೆಯುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ.

“ಯಾಕಪ್ಪಾ ಬರೋದು ಬಿಟ್ಟೆ?” ಎಂದೆ.

“ಅಕ್ಕಾ, ಅವತ್ತು ಓಣೀಲಿ ನಾನೂ ಇದ್ದೆ,” ಎಂದ. “ನನ್ ಜೊತೆ ಯಾವತ್ತೂ ಹಾಗೆ ಬಾರಿಸಿಲ್ಲ ಇವಳು. ಅಷ್ಟು ಮನಸ್ಸಿಟ್ಟು ಒಪ್ಪಿಕೊಂಡ್ಮೇಲೆ ನಾನು ಮಧ್ಯ ಬರೋದು ಸರಿ ಅಲ್ಲ.”

ನಾದಿನಿ ತಲೆ ಅಲ್ಲಾಡಿಸಿದಳು. ಇಲ್ಲ, ಇಲ್ಲ ಎಂದು ಅವನ ಅಂಗಿಯ ತೋಳು ಹಿಡಿದು ಜಗ್ಗಿದಳು.

“ನನ್ನ ಮನಸ್ಸು ನೋಯಬಾರದು ಅಂತ ಹೀಗೆ ಮಾಡ್ತಿದೀಯ. ನಾನೇ ಕಿವಿಯಾರೆ ಕೇಳಿದೀನಲ್ಲ,” ಎಂದು ಅವನು ಮೆಲ್ಲಗೆ ಅವಳ ಕೈ ಬಿಡಿಸಿದ. “ಚೆನ್ನಾಗಿರು.”

“ಏ ಪೆದ್ದಾ, ಅವಳು ಬೇಡ ಅಂತಿದಾಳೆ ಕಣೋ ಆ ಹೋಟೆಲಿನವರನ್ನ!” ಎಂದು ನಾನು ಕೂಗಿಯೇಬಿಟ್ಟೆ. ಅವನು ಗೊಂದಲದಿಂದ ನಾದಿನಿಯ ಕಡೆ ತಿರುಗಿದ. “ಹೌದಾ? ಹಾಗಾದ್ರೆ ನಾಳೆ ಸಂಜೆ ಕಿಟಕೀಲಿ ಕೂತು ಬಾರಿಸು. ನಾನು ಕೇಳಿ ತಿಳ್ಕೋತೀನಿ.”

ಅವಳ ಕೈ ಕೆಳಗಿಳಿಯಿತು. ಅವನನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ನನ್ನನ್ನೂ ಕಾಯದೆ ಹೊರಟಳು. ದಾರಿಯುದ್ದಕ್ಕೂ ನಾನು ಏನೇನೋ ಸಮಾಧಾನ ಹೇಳಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಮಡಿಸಿಟ್ಟಿತ್ತು. ನಾಲ್ಕು ಬಟ್ಟೆ ಇರಲಿಲ್ಲ. ಪಿಟೀಲು ಮಾತ್ರ ಪೆಟ್ಟಿಗೆಯಲ್ಲೇ ಇತ್ತು. ನನ್ನ ಗಂಡ ಅದನ್ನು ನೋಡಿ ನಿರಾಳವಾದರು. “ಬಾಯೇ ಇಲ್ಲಿದೆ, ಎಲ್ಲಿಗೆ ಹೋಗ್ತಾಳೆ? ಬಂದೇ ಬರ್ತಾಳೆ.” ಅವಳು ಬರಲಿಲ್ಲ. ಹೋಟೆಲ್ ಯಜಮಾನರು ಬೇರೆ ಕಡೆ ಮದುವೆಯಾದರು. ಗಾಜಿನವನು ಒಂದಷ್ಟು ದಿನ ಸಂಜೆ ಕಿಟಕಿಯ ಕೆಳಗೆ ಬಂದು ನಿಂತ, ಆಮೇಲೆ ಅವನೂ ಬಿಟ್ಟ.

ಬಹಳ ಕಾಲದ ಮೇಲೆ, ದೂರದ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಕಂಡೆ ಎಂದು ಗಿರಾಕಿಯೊಬ್ಬರು ಹೇಳಿದರು. ಗಂಡನಿಗೆ ತವರಿಗೆ ಹೋಗುತ್ತೇನೆ ಎಂದು ಹೇಳಿ, ಪಿಟೀಲನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಹೊರಟೆ.

ಆ ಕೋಣೆಯೆಲ್ಲ ಬಿಸಿ ಹಬೆ, ಸೋಪಿನ ವಾಸನೆ, ಯಂತ್ರಗಳ ಗದ್ದಲ. ನಾದಿನಿ ಇನ್ನೊಬ್ಬಳ ಜೊತೆ ದುಪ್ಪಟಿ ಮಡಿಸುತ್ತಿದ್ದಳು. ಸೊರಗಿದ್ದಳು, ಕೈ ಬಿಳಿಚಿ ಸುಕ್ಕಾಗಿತ್ತು. ನಾನು ಬಾಗಿಲಲ್ಲಿ ನಿಂತಿದ್ದಾಗಲೇ ಮೇಲ್ವಿಚಾರಕಿ ಬಂದು, “ಭಾನುವಾರ ಬರ್ತೀಯೇನೇ?” ಎಂದು ಅವಳನ್ನು ಕೇಳಿದಳು. ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು.

“ಸರಿ,” ಎಂದು ಆಕೆ ಪಕ್ಕದವಳನ್ನು ಕೇಳಲು ಹೋದಳು.

ಅಷ್ಟೆ. ಯಾರೂ ನಗಲಿಲ್ಲ, ಯಾರೂ ಅರ್ಥ ಹೇಳಲಿಲ್ಲ. ನನಗೆ ಅಲ್ಲೇ ಅಳು ಬಂತು.

ಊಟದ ಬಿಡುವಿನಲ್ಲಿ ಹಿತ್ತಲ ಕಟ್ಟೆಯ ಮೇಲೆ ಕೂತೆವು. ಹೊದಿಕೆ ಬಿಚ್ಚಿ ಪೆಟ್ಟಿಗೆ ತೆರೆದೆ. ಅವಳ ಬೆರಳು ತಂತಿಯವರೆಗೂ ಹೋದವು, ಮುಟ್ಟದೆ ಹಿಂದೆ ಬಂದವು. ಅವಳೇ ಪೆಟ್ಟಿಗೆ ಮುಚ್ಚಿ ನನ್ನ ತೊಡೆಯ ಮೇಲಿಟ್ಟು ಬೇಡ ಎಂದು ತಲೆ ಅಲ್ಲಾಡಿಸಿದಳು. ಕಣ್ಣು ತುಂಬಿತ್ತು.

‘ನಿಂಗೆ ಇದು ಬೇಕು ಕಣೇ, ನಂಗೊತ್ತು’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಆಗಿತ್ತು. ನುಂಗಿಕೊಂಡೆ.

“ಸರಿ ಕಣೇ,” ಎಂದೆ.