ಉಗುರಲ್ಲಿ ಹಿಸುಕಿದ ಉಣ್ಣಿ

ಅಣ್ಣನ ಮನೆಯ ಕೊಟ್ಟಿಗೆ ಬಾಗಿಲಿಗೆ ಬಂದ ನರ್ಸ್ ತಂಗಿಗೆ ಮೊದಲು ಕೇಳಿಸಿದ್ದು ‘ಟಪ್’ ಎಂಬ ಸದ್ದು. ಬಕೆಟ್ ಬೋರಲು ಹಾಕಿ ಕುಳಿತಿದ್ದ ಅಣ್ಣ ಎಮ್ಮೆಯ ಕಿವಿಯಿಂದ ಉಣ್ಣಿ ಕಿತ್ತು, ಹೆಬ್ಬೆರಳ ಉಗುರುಗಳ ನಡುವೆ ಹಿಸುಕಿ, ರಕ್ತವನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ. ಒಳಗೆ ಅತ್ತಿಗೆ ನಾಲ್ಕು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದಳು. ಬೆಳಿಗ್ಗೆಯಿಂದ ಒಸಡಿನಲ್ಲಿ ರಕ್ತವೂ ಜಿನುಗುತ್ತಿತ್ತು.

“ಮನೇಲಿ ದನಕರು ಇವೆಯಾ ಅಂತ ನಿನ್ನೆ ಡಾಕ್ಟ್ರು ಕೇಳಿದ್ರೆ, ಇಲ್ಲ ಅಂದ್ಯಂತೆ?”

“ಮತ್ತೇನ್ ಹೇಳ್ಲಿ? ಎಮ್ಮೆಯಿಂದ ಜ್ವರ ಬಂತು ಅಂತ ಸುದ್ದಿ ಊರೆಲ್ಲ ಹರಡಿದ್ರೆ ನಮ್ಮ ಹಾಲು ಯಾರು ತಗೋತಾರೆ?”

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಅತ್ತಿಗೆ ಉಸಿರು ನಿಂತ್ರೂ ಸರಿ, ಹಾಲು ನಿಲ್ಲಬಾರ್ದು, ಅಲ್ವಾ?”

“ಬಾಯಿಗೆ ಬಂದಂಗೆ ಮಾತಾಡ್ಬೇಡ! ಅವಳಿಗೆ ಬಿಸಿಲು ಬಡಿದಿದೆ, ಅಷ್ಟೆ. ನನ್ನ ಎಮ್ಮೆ ನೋಡು, ಗುಂಡುಕಲ್ಲಿನ ಹಾಗಿದೆ. ಅದಕ್ಕೇ ಇಲ್ಲದ ಕಾಯಿಲೆ ಇವಳಿಗೆಲ್ಲಿಂದ ಬಂತು?”

“ಅಲ್ಲೇ ನಾವು ಮೋಸ ಹೋಗೋದು ಕಣಣ್ಣ. ಎಮ್ಮೆಗೆ ಏನೂ ಆಗಲ್ಲ. ರೋಗಾಣು ಅದರ ರಕ್ತದಲ್ಲಿ ಕೆಲವು ದಿನ ಸದ್ದಿಲ್ಲದೆ ಇರುತ್ತೆ. ಆ ರಕ್ತ ಕುಡಿದ ಉಣ್ಣಿ ಅದನ್ನ ಹೊಟ್ಟೇಲಿ ಇಟ್ಕೊಳುತ್ತೆ. ಅದು ನಮ್ಮನ್ನ ಕಚ್ಚಿದ್ರೂ ರೋಗ ಬರುತ್ತೆ, ಬರಿಗೈಲಿ ಹಿಸುಕಿದ್ರೂ ಬರುತ್ತೆ. ಹುಲ್ಲು ಕೊಯ್ದು ಕೊಯ್ದು ಅತ್ತಿಗೆ ಬೆರಳೆಲ್ಲ ಬಿರುಕು ಬಿಟ್ಟಿದೆ, ಉಣ್ಣಿ ರಕ್ತ ಅಲ್ಲಿಂದ್ಲೇ ಒಳಗೆ ಸೇರುತ್ತೆ. ಉಗುರಲ್ಲಿ ಹಿಸುಕು ಅಂತ ಅವರಿಗೆ ಕಲಿಸಿದ್ಯಾರು?”

ಅಣ್ಣ ತನ್ನ ಉಗುರುಗಳನ್ನೇ ನೋಡಿಕೊಂಡ. ಮದುವೆಯಾದ ಹೊಸದರಲ್ಲಿ, ಹೆದರುತ್ತಿದ್ದ ಹೆಂಡತಿಯ ಕೈ ಹಿಡಿದು ಕಲಿಸಿದವನು ಅವನೇ. ಅದನ್ನು ನೋಡಿ ತಂಗಿಯೂ ಅಂದು ನಕ್ಕಿದ್ದಳು.

“ಗಾಡಿ ತರ್ತೀನಿ,” ಎಂದು ಅವನು ಎದ್ದ.

“ಮೊದಲು ಸೋಪು ಹಾಕಿ ಕೈ ತೊಳಿ!”

ಆಸ್ಪತ್ರೆಯಲ್ಲಿ ಅವನೇ ಮುಂದೆ ಹೋಗಿ ನಿಂತ. “ಡಾಕ್ಟ್ರೇ, ನಿನ್ನೆ ಸುಳ್ಳು ಹೇಳ್ದೆ. ಮನೇಲಿ ಎರಡು ಎಮ್ಮೆ ಇವೆ. ಉಣ್ಣಿ ಹಿಸುಕೋದನ್ನ ಇವಳಿಗೆ ಕಲಿಸಿದ್ದು ನಾನೇ.”

ಡಾಕ್ಟರು ಬೇರೆಯವರಿಗೆ ಹರಡದಿರಲೆಂದು ಅತ್ತಿಗೆಯನ್ನು ಕೂಡಲೇ ಬೇರೆ ಕೋಣೆಗೆ ಸೇರಿಸಿ, ರಕ್ತವನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂತು, ಉಣ್ಣಿಯಿಂದ ಬಂದ ಜ್ವರವೇ ಆಗಿತ್ತು. “ಇದನ್ನ ಮೊದಲ್ನೇ ದಿನವೇ ಹೇಳೋಕೆ ಏನಾಗಿತ್ತು?” ಎಂದು ಗದರಿದರು.

ಹದಿನೈದು ದಿನ ಕಳೆದು ಅತ್ತಿಗೆ ಮನೆಗೆ ಬಂದಾಗ ಕೊಟ್ಟಿಗೆಯ ಮೊಳೆಗೆ ರಬ್ಬರ್ ಕೈಗವಸು ನೇತಾಡುತ್ತಿತ್ತು. ಎಮ್ಮೆಗಳಿಗೆ ಪಶುವೈದ್ಯರು ಉಣ್ಣಿ ಔಷಧ ಹಾಕಿದ್ದರು. ಹಾಲನ್ನು ಚೆನ್ನಾಗಿ ಕಾಯಿಸಿ ಕುಡಿಯಿರಿ ಎಂದು ತಂಗಿ ಮನೆಮನೆಗೆ ಹೋಗಿ ಹೇಳಿದ್ದಳು. ಒಬ್ಬರೂ ಅಣ್ಣನ ಹಾಲು ಕೊಳ್ಳುವುದನ್ನು ಬಿಟ್ಟಿರಲಿಲ್ಲ.

ದನ, ಎಮ್ಮೆ, ಕುರಿ ಸಾಕುವವರೇ, ಉಣ್ಣಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಹಿಸುಕಲೇಬೇಡಿ. ಕೈಗವಸು ಹಾಕಿ, ಚಿಮುಟದಿಂದ ಕಿತ್ತು, ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ ಮುಚ್ಚಿ. ಜ್ವರ ಬಂದರೆ ಆಸ್ಪತ್ರೆಗೆ ಓಡಿ. ಅಲ್ಲಿ ಡಾಕ್ಟರು ಕೇಳಲಿ ಎಂದು ಕಾಯಬೇಡಿ. ‘ಮನೆಯಲ್ಲಿ ದನ ಇದೆ, ಉಣ್ಣಿ ಕಿತ್ತಿದ್ದೇವೆ’ ಎಂದು ನೀವೇ ಬಾಯಿಬಿಟ್ಟು ಹೇಳಿ. ಬಾಯಿ ಮುಚ್ಚಿಕೊಂಡಿದ್ದರೆ ಹೋಗುವುದು ನಿಮ್ಮ ಮನೆಯವರ ಜೀವ.