ಕೆಂಪು ಪಟ್ಟಿಯ ಸಾಹುಕಾರರು

ಹುನಗುಂದದ ಹೆದ್ದಾರಿ ಬದಿಯ ಖಾಸಗಿ ಆಸ್ಪತ್ರೆಯೊಂದರ ಆಡಳಿತ ಮಂಡಳಿಯಲ್ಲಿ ಮರೋಳದ ಗುರಲಿಂಗಪ್ಪ ಸಾಹುಕಾರರಿಗೂ ಒಂದು ಕುರ್ಚಿಯಿತ್ತು. ವೈದ್ಯಕೀಯದ ಗಂಧವಿಲ್ಲದಿದ್ದರೂ, ಕುರ್ಚಿ ಕಂಡಲ್ಲಿ ಕೂರುವ ವಿದ್ಯೆಯಲ್ಲಿ ಅವರು ಪಾರಂಗತರು. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೊಸ ಪದ್ಧತಿ ಬಂದ ದಿನ ರಿಬ್ಬನ್ ಕತ್ತರಿಸಿದವರೂ ಅವರೇ. ರೋಗಿಯ ಕೈಗೆ ಬಾಗಿಲಲ್ಲೇ ಪಟ್ಟಿ ಕಟ್ಟುವುದು: ಜೀವಕ್ಕೆ ಕುತ್ತಿದ್ದರೆ ಕೆಂಪು, ತುಸು ತಡೆಯುವಂತಿದ್ದರೆ ಹಳದಿ, ಕಾದರೂ ಕೇಡಿಲ್ಲದವರಿಗೆ ಹಸಿರು. ಯಾರು ಮೊದಲು ಬಂದರು, ಯಾರು ದೊಡ್ಡವರು ಎಂಬುದು ಗಣನೆಗಿಲ್ಲ. ಇದನ್ನೆಲ್ಲ ಸಾಹುಕಾರರು ಭಾಷಣದಲ್ಲಿ ಬಾಯ್ತುಂಬ ಹೊಗಳಿದ್ದರು. ಹೊಗಳಿದ್ದನ್ನು ತಿಳಿದುಕೊಂಡಿರಬೇಕೆಂಬ ಕಟ್ಟಳೆ ಯಾವ ವೇದಿಕೆಯಲ್ಲಿಯೂ ಇಲ್ಲವಷ್ಟೆ! ಅವರ ತಲೆಯಲ್ಲಿ ಉಳಿದದ್ದು ಇಷ್ಟೇ: ಕೆಂಪಿನವರಿಗೆ ಮೊದಲ ಮರ್ಯಾದೆ.

ಅದಾಗಿ ಕೆಲವೇ ದಿನಕ್ಕೆ ಹೊಲದ ಬದುವಿನಲ್ಲಿ ಜಾರಿ ಅವರ ಪಾದ ಉಳುಕಿತು. ಹೆಂಡತಿ ದಾನಮ್ಮ ಒಂದು ಕೈಯಲ್ಲಿ ಗಂಡನ ತೋಳು, ಇನ್ನೊಂದರಲ್ಲಿ ಅವರ ಚಪ್ಪಲಿ, ಶಲ್ಯ, ಮೊಬೈಲು ಹಿಡಿದು ಆಸ್ಪತ್ರೆಯ ಮೆಟ್ಟಿಲೇರಿದಳು.

ಬಾಗಿಲಲ್ಲಿದ್ದ ಹಿರಿಯ ದಾದಿ ರಮಾಬಾಯಿ ಪಾದ ಮುಟ್ಟಿ ನೋಡಿ ಹಸಿರು ಪಟ್ಟಿ ಎತ್ತಿಕೊಂಡಳು.

“ಏನವ್ವಾ ಇದು? ಆ ಬೆಂಚಿನ ಮ್ಯಾಲೆ, ಕುರಿ ಕಾಯೋ ನೀಲಪ್ಪನ ಬಾಜೂಕ ನಾ ಕುಂದರಬೇಕೇನು?”

ಮೊಣಕಾಲು ಊದಿಸಿಕೊಂಡು ಕುಳಿತಿದ್ದ ನೀಲಪ್ಪ ಪಕ್ಕಕ್ಕೆ ಸರಿದ. “ಬರ್ರಿ ಸಾವ್ಕಾರ್ರ, ಜಾಗಾ ಐತಿ. ನನಗ ಟಗರು ಹಾಯ್ದೈತಿ. ನಿಮಗ ಯಾರು ಹಾಯ್ದಾರ್ರಿ?”

ಬೆಂಚು ನಕ್ಕಿತು. ಸಾಹುಕಾರರ ಮುಖ ಕೆಂಡವಾಯಿತು. ದಾದಿಯ ಮುಂದಿದ್ದ ತಟ್ಟೆಯಿಂದ ಕೆಂಪು ಪಟ್ಟಿಯೊಂದನ್ನು ತಾವೇ ಕಿತ್ತು, ಕೈಗೆ ಕಟ್ಟಿಕೊಂಡು, ಕುಂಟುತ್ತ ಹೋಗಿ ಹೃದಯಬಡಿತ ನೋಡುವ ಯಂತ್ರವಿದ್ದ ಒಂದೇ ಒಂದು ಹಾಸಿಗೆಯ ಮೇಲೆ ಅಂಗಾತ ಮಲಗಿದರು. ಪಟ್ಟಾಭಿಷೇಕವೊಂದು ಬಾಕಿ.

ಹಿಂದೆಯೇ ಬಂದ ರಮಾಬಾಯಿಯ ಕಣ್ಣು ಅವರನ್ನು ದಾಟಿ ದಾನಮ್ಮನ ಮೇಲೆ ನಿಂತಿತು. ಹಣೆಯ ಕುಂಕುಮ ಬೆವರಿನಲ್ಲಿ ಕರಗಿ ಇಳಿದಿತ್ತು.

“ಅವ್ವಾರ, ನಿಮಗ ಏನಾಗಾಕತ್ತೇತ್ರಿ?”

“ಆಕಿಗೇನಾಗೇತಿ? ಬಿಸಲಾಗ ಬಂದಾಳ. ಡಾಕ್ಟರನ್ನ ಕರಿ ಮೊದಲ,” ಎಂದರು ಸಾಹುಕಾರರು.

“ನಾ ಅವರನ್ನ ಕೇಳೇನಿ. ನಿಮ್ಮನ್ನಲ್ಲ.”

ಆ ಮನೆಯಲ್ಲಿ ದಾನಮ್ಮನ ಹಸಿವನ್ನೂ ಗಂಡನೇ ಹೇಳುವ ವಾಡಿಕೆ. ಅವಳು ಅವರ ಮುಖ ನೋಡಿದಳು, ಆಮೇಲೆ ತಡವರಿಸಿದಳು. “ಗ್ಯಾಸ್ ಆಗಿರಬೇಕ್ರಿ... ಗದ್ದ ಜಗ್ಗತೈತಿ, ಎಡಗೈ ಭಾರಾಗೇತಿ. ಮುಂಜಾನಿಂದ.” ಮೊಬೈಲು ನೆಲಕ್ಕೆ ಬಿತ್ತು. ಅದರ ಹಿಂದೆ ಅವಳ ಮೊಣಕಾಲೂ ಕುಸಿಯಿತು.

“ನನ್ನ ಮೊಬೈಲ್!” ಎಂದು ಕೂಗಿದರು ಸಾಹುಕಾರರು. ಹೌದು, ಅವರ ಬಾಯಿಂದ ಮೊದಲು ಬಂದದ್ದು ಅದೇ.

ಬಿದ್ದವಳನ್ನು ಹಿಡಿದುಕೊಂಡೇ ರಮಾಬಾಯಿ ಗದರಿದಳು. “ಹಾಸಿಗಿ ಬಿಡ್ರಿ!”

“ನಾ ಕಮಿಟಿ ಮೆಂಬರ...”

“ಕೆಳಗಿಳಿದು ಹೇಳ್ರಿ ಅದನ್ನ.”

ಓಡಿ ಬಂದ ವೈದ್ಯರೂ ಆಳುಗಳೂ ಮಾತಿಗೆ ನಿಲ್ಲಲಿಲ್ಲ. ಸಾಹುಕಾರರನ್ನು ಕಂಕುಳಿಗೆ ಕೈಹಾಕಿ ಎತ್ತಿ ಗೋಡೆಗೆ ಆನಿಸಿದರು, ಖಾಲಿ ಚೀಲವನ್ನು ಆನಿಸುವಂತೆ. ದಾನಮ್ಮನ ಎದೆಗೆ ತಂತಿಗಳು ಅಂಟಿದವು. ಹೃದಯಾಘಾತ. ಸೂಜಿಮದ್ದು ಒಳಗಿಳಿದು, ನಾಡಿ ಹದಕ್ಕೆ ಬಂದಮೇಲೆ ಬಾಗಲಕೋಟೆಯ ದೊಡ್ಡಾಸ್ಪತ್ರೆಗೆ ಒಯ್ಯಲು ಆಂಬುಲೆನ್ಸ್ ಸಿದ್ಧವಾಯಿತು.

“ಮುಂಜಾನಿಂದ ಅಂತಿ. ನನಗ್ಯಾಕ ಹೇಳಲಿಲ್ಲ?” ಎಂದರು ಸಾಹುಕಾರರು, ತಪ್ಪೆಲ್ಲ ಅವಳದೇ ಎಂಬ ದನಿಯಲ್ಲಿ.

“ನಿಮ್ಮ ಕಾಲಿಂದು ಮುಗೀಲಿ ಅಂತ ನಿಂತಿದ್ನಿರಿ.”

ಆಂಬುಲೆನ್ಸು ಅವಳನ್ನೂ ಒಬ್ಬ ದಾದಿಯನ್ನೂ ಹೊತ್ತು ಹೊರಟಿತು. ಅದರ ಸದ್ದು ಅಡಗುವ ಮೊದಲೇ ಸಾಹುಕಾರರು ಕೇಳಿದರು. “ನನ್ನ ಕಾಲು ಯಾವಾಗ ನೋಡ್ತೀರಿ?”

ರಮಾಬಾಯಿ ಕತ್ತರಿ ತಂದು ಅವರ ಕೈಯ ಕೆಂಪು ಪಟ್ಟಿಯನ್ನು ಕತ್ತರಿಸಿ, ಹಸಿರು ಕಟ್ಟಿದಳು. “ಪಾಳಿ ಬಂದಾಗ.”

ನೀಲಪ್ಪ ಈ ಸಲ ಸರಿಯಲಿಲ್ಲ. ಬೆಂಚಿನ ತುದಿಯಲ್ಲಿ ಉಳಿದಿದ್ದ ಗೇಣು ಜಾಗದಲ್ಲಿ, ತಮ್ಮ ಚಪ್ಪಲಿಯನ್ನು ತಾವೇ ಕೈಯಲ್ಲಿ ಹಿಡಿದುಕೊಂಡು, ಸಾಹುಕಾರರು ಕೂತರು.