ಬಿ.ಪಿ. ಇಳಿಯುವ ತನಕ

ಎರಡು ಸಲ ನೋಡಿದಾಗಲೂ ಮೊಮ್ಮಗಳ ಬಿ.ಪಿ. ಹೆಚ್ಚೇ ಇತ್ತು. ಇನ್ನೊಂದು ಸಲ ಹಾಗೇ ಬಂದರೆ ಸೈನ್ಯದವರು ಅವಳನ್ನು ತೆಗೆದುಕೊಳ್ಳುವುದಿಲ್ಲ. ನರ್ಸಿಂಗಿನಲ್ಲಿ ಎಂ.ಎಸ್ಸಿ. ಮಾಡುವ ಅವಳ ಆಸೆಯೂ ಅಲ್ಲಿಗೇ ನಿಂತಂತೆ. ಓದಿನ ಖರ್ಚೆಲ್ಲ ಸೈನ್ಯದ್ದು; ಓದು ಮುಗಿದ ಮೇಲೆ ಐದು ವರ್ಷ ಸಮವಸ್ತ್ರ ತೊಟ್ಟು, ಅವರು ಹೇಳಿದ ಕಡೆ ಹೋಗಿ ಗಾಯಾಳುಗಳನ್ನು ನೋಡಿಕೊಳ್ಳಬೇಕು. ‘ಹೇಳಿದ ಕಡೆ’ ಎಂಬ ಮಾತು ಕೇಳಿದಂದಿನಿಂದ ಟಿ.ವಿ.ಯಲ್ಲಿ ಗಡಿಯ ಸುದ್ದಿ ಬಂದರೆ ನಾನು ಆರಿಸಿಬಿಡುತ್ತಿದ್ದೆ.

ಸೈನಿಕ ಆಸ್ಪತ್ರೆಯ ವರಾಂಡದಲ್ಲಿ ಫಿನಾಯಿಲ್ ವಾಸನೆ. ಪರದೆಯ ಆಚೆ ಯಾರದೋ ಎತ್ತರ ಅಳೆಯುತ್ತಿದ್ದರು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಮೊಮ್ಮಗಳು ತನ್ನ ಎಡ ಮಣಿಕಟ್ಟಿನ ಮೇಲೆ ಬಲಗೈ ಬೆರಳಿಟ್ಟು, ಗೋಡೆ ಗಡಿಯಾರವನ್ನೇ ನೋಡುತ್ತಿದ್ದಳು.

“ಏನೇ ಅದು?”

“ಪಲ್ಸ್ ನೋಡ್ಕೋತಿದೀನಿ ಅಜ್ಜಿ. ಓಡ್ತಾ ಇದೆ.”

“ಅಟ್ಟಿಸ್ಕೊಂಡು ಹೋದ್ರೆ ಕೋಳಿ ನಿಲ್ಲುತ್ತಾ? ಬಿಡು ಅದನ್ನ.”

ಅವಳು ಬೆರಳು ತೆಗೆಯಲಿಲ್ಲ. ತಾನು ನರ್ಸಾಗಿರುವ ವಾರ್ಡಿನಲ್ಲಿ ರೋಗಿಗಳಿಗೆಲ್ಲ ಉಸಿರಾಡಲು ಹೇಳಿಕೊಡುವವಳು ಇಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು.

ಬಿ.ಪಿ. ನೋಡುವ ಮೀಸೆಯವರು ಹೊರಬಂದರು. ಅವಳ ಬೆರಳು ಎಲ್ಲಿದೆಯೆಂಬುದು ಅವರಿಗೆ ಕೂಡಲೇ ಕಂಡಿತು.

“ಸಿಸ್ಟರ್, ಇಲ್ಲಿಗೆ ಬರೋ ನರ್ಸುಗಳೆಲ್ಲ ಇದೇ ತಪ್ಪು ಮಾಡ್ತಾರೆ. ಇವತ್ತು ನೀವು ಪೇಶಂಟು. ಕೈ ತೆಗೀರಿ.”

“ತೆಗೆದ್ರೆ ನಡುಗುತ್ತೆ ಸರ್.”

“ಹಾಗಾದ್ರೆ ಅಜ್ಜಿ ಕೈಗೆ ಕೊಡಿ. ಅಮ್ಮಾ, ಸ್ವಲ್ಪ ಹೊತ್ತು ಹಿಡ್ಕೊಂಡಿರಿ.”

ಮುಂದಿನ ಸರದಿ ಅವಳದೇ. ಅವರು ಕೈಲಿದ್ದ ಕಾಗದಗಳಲ್ಲಿ ಅವಳದನ್ನು ಸದ್ದಿಲ್ಲದೆ ಕೊನೆಗೆ ಸರಿಸಿ, ಬೆಂಚಿನ ಮೇಲೆ ಒಂದು ಲೋಟ ನೀರಿಟ್ಟು ಹೋದರು.

ಅವಳ ಕೈ ತಣ್ಣಗಿತ್ತು. ನನ್ನದು ನಡುಗುತ್ತಿತ್ತು. ನಾನು ಹೀಗೇ ನಡುಗುತ್ತ ಕೂತರೆ ಸಾಕು, ಹೋಗಬೇಡ ಎಂದು ಬಾಯಿ ಬಿಡಬೇಕಾಗಿಯೂ ಇಲ್ಲ. ನನ್ನ ಹೆದರಿಕೆ ಅವಳಿಗೂ ಹತ್ತಿ ಬಿ.ಪಿ. ಇಳಿಯುವುದಿಲ್ಲ, ಸಂಜೆಯ ಬಸ್ಸಿಗೆ ಇಬ್ಬರೂ ಮನೆಗೆ ಹೋಗುತ್ತೇವೆ. ಬೆಳಗಿನಿಂದ ನಾನು ದೇವರನ್ನು ಕೇಳುತ್ತಿದ್ದದ್ದೂ ಅದನ್ನೇ.

“ಅಜ್ಜಿ, ನಿನ್ನ ಕೈ ಯಾಕೆ ಹೀಗೆ?”

“ವಯಸ್ಸಾಯ್ತಲ್ಲ.”

“ಸುಳ್ಳು. ನಿನ್ನೆ ಸೂಜಿಗೆ ದಾರ ನೀನೇ ಪೋಣಿಸಿದ್ದು.”

ಅವಳ ಬೆರಳುಗಳು ಮೆಲ್ಲಗೆ ಸರಿದು ನನ್ನ ನಾಡಿಯ ಮೇಲೆ ನಿಂತವು. ಗಡಿಯಾರದ ಕಡೆ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

“ಹೆದರ್ಕೊಂಡಿದೀಯ. ಮೂಗಲ್ಲಿ ತಗೋ. ಬಾಯಲ್ಲಿ ನಿಧಾನಕ್ಕೆ ಬಿಡು. ನನ್ನ ಜೊತೆಗೇ.”

ಅವಳ ದನಿ ಆಗಲೇ ಬದಲಾಗಿತ್ತು. ಹೆಗಲು ಇಳಿದಿತ್ತು. ನೋಡಿಕೊಳ್ಳಲು ಒಬ್ಬರು ಸಿಕ್ಕರೆ ಸಾಕು, ಇವಳು ಸರಿಹೋಗುತ್ತಾಳೆ. ನಾನು ಹಟ ಮಾಡಿ ಉಸಿರು ಬಿಗಿಹಿಡಿಯಬಹುದಿತ್ತು. ಆದರೆ ಅವಳ ಕಣ್ಣು ನನ್ನ ಎದೆಯ ಏರಿಳಿತವನ್ನೇ ಕಾಯುತ್ತಿತ್ತು. ಅವಳ ಜೊತೆ ಉಸಿರು ಬಿಟ್ಟೆ, ಮತ್ತೊಮ್ಮೆ ಬಿಟ್ಟೆ. ನನ್ನ ನಡುಕ ನಿಂತಿತು. ಅವಳ ಕೈ ಬೆಚ್ಚಗಾಯಿತು.

ಅವಳನ್ನು ಕರೆದರು. ಪರದೆಯ ಆಚೆ ತೋಳಿಗೆ ಸುತ್ತಿದ ಪಟ್ಟಿ ಬಿಚ್ಚುವ ಪರಪರ ಸದ್ದು.

ಮೀಸೆಯವರು ಬಂದು, “ಇಳೀತು ಅಮ್ಮಾ. ಪಾಸು,” ಎಂದರು. ಆಮೇಲೆ ನನ್ನ ಮುಖ ನೋಡಿ, ಯಾರೂ ಮುಟ್ಟದೆ ಉಳಿದಿದ್ದ ಲೋಟವನ್ನು ನನ್ನ ಕಡೆ ಸರಿಸಿದರು.

“ನೀರು ನೀವು ಕುಡೀರಿ,” ಎಂದರು.